ಅಲಾರ್ಮ್ ಒಂದೂ ಇಲ್ಲ, ಸಿಗ್ನಲ್ ಫುಲ್ ಇದೆ, ಆದರೂ ಸಂಜೆಯಾದರೆ ನೆಟ್ ಓಡಲ್ಲ ಅಂತಾರೆ. ಏನು ನೋಡಲಿ?

ಕಂಬದ ಕೆಳಗಿನವ · ಶನಿವಾರ ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಟೆಲಿಕಾಂ ಕಮಿಷನಿಂಗ್ (ಹೊಸ ಸೈಟ್ ಅಳೆದು ನೋಡಿ ಚಾಲೂ ಮಾಡೋ) ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ತೀರ್ಥಹಳ್ಳಿ ಕಡೆ ಒಂದು 4ಜಿ ಸೈಟ್ ಇದೆ. ಪೂರ್ತಿ ನಾನೇ ನಿಂತು ಮಾಡಿಸಿದ್ದು.

ಮೂರು ಸೆಕ್ಟರ್ (ಒಂದೊಂದು ದಿಕ್ಕಿಗೆ ಒಂದು: ಆಲ್ಫಾ, ಬೀಟಾ, ಗಾಮಾ), 1800 ಬ್ಯಾಂಡ್, 10 ಮೆಗಾಹರ್ಟ್ಸ್, 2ಟಿ2ಆರ್ (ಪ್ರತಿ ಸೆಕ್ಟರಿಗೆ ಕಳಿಸೋಕೆ ಎರಡು, ಕೇಳೋಕೆ ಎರಡು ದಾರಿ). 40 ಮೀಟರ್ ಟವರ್. ಮೇಲೆ ಜಾಗ ಇರಲಿಲ್ಲ. ಹಾಗಾಗಿ ಮೂರೂ ಆರ್‌ಆರ್‌ಯು (ಸಿಗ್ನಲ್ ಕಳಿಸಿ ಕೇಳೋ ರೇಡಿಯೊ ಡಬ್ಬಿ) ಕೆಳಗಿನ ಪ್ಲಾಟ್‌ಫಾರ್ಮಿನಲ್ಲಿ ಒಟ್ಟಿಗೆ ಕೂತಿವೆ. ಅಲ್ಲಿಂದ ಆಂಟೆನಾಗಳಿಗೆ ಉದ್ದ ಜಂಪರ್ ಕೇಬಲ್ ಎಳೆದಿದ್ದೇವೆ. ಬ್ಯಾಕ್‌ಹಾಲ್ (ಸೈಟನ್ನು ಮುಖ್ಯ ನೆಟ್‌ವರ್ಕಿಗೆ ಜೋಡಿಸೋ ಕೊಂಡಿ) ಮೈಕ್ರೋವೇವ್, ಮಧ್ಯೆ ಬೇರೆ ಟವರ್ ಇಲ್ಲದೆ ಒಂದೇ ಹಾಪ್.

ಆನ್-ಏರ್ ದಿನ ಎಲ್ಲ ಹಸಿರು. ಆರೂ ಪೋರ್ಟಿನಲ್ಲಿ ವಿಎಸ್‌ಡಬ್ಲ್ಯುಆರ್ (ಕಳಿಸಿದ ಪವರ್ ವಾಪಸ್ ಬರೋದರ ಅಳತೆ) 1.2ರ ಒಳಗೆ. ಅರ್ಥಿಂಗ್ 0.8 ಓಮ್. ಬೆಳಿಗ್ಗೆ 11ಕ್ಕೆ ಮಾಡಿದ ಸ್ಪೀಡ್ ಟೆಸ್ಟ್: ಆಲ್ಫಾ 33, ಬೀಟಾ 31, ಗಾಮಾ 64 ಎಂಬಿಪಿಎಸ್. ನಮ್ಮ ಪಟ್ಟಿಯಲ್ಲಿ 25 ದಾಟಿದರೆ ಪಾಸ್. ಫೋಟೊ ಅಪ್‌ಲೋಡ್ ಆಯಿತು, ಸಹಿ ಬಿತ್ತು, ನಾನು ಮನೆಗೆ ಹೋದೆ.

ಹತ್ತು ದಿನಕ್ಕೆ ದೂರು ಶುರುವಾಯಿತು. ಸಂಜೆ ಏಳರಿಂದ ಹತ್ತರವರೆಗೆ ಏನೂ ಓಡಲ್ಲವಂತೆ. ಫೋನಲ್ಲಿ ಕಡ್ಡಿ ಮಾತ್ರ ಪೂರ್ತಿ ಇರುತ್ತದಂತೆ. ಆಲ್ಫಾ, ಬೀಟಾ ಕಡೆಯವರದ್ದೇ ಗಲಾಟೆ ಜಾಸ್ತಿ. ನಮ್ಮ ಮ್ಯಾನೇಜರ್, "ಮಳೆಗೆ ಮೈಕ್ರೋವೇವ್ ಕೈ ಕೊಡ್ತಿದೆ, ಸೋಮವಾರ ಹತ್ತಿಸಿ ಅಲೈನ್‌ಮೆಂಟ್ ಮತ್ತೆ ಮಾಡಿಸು" ಅಂದಿದ್ದಾರೆ. ಇಲ್ಲಿ ಮಳೆ ಹೇಗೆ ಹೊಡೀತಿದೆ ಅಂತ ಗೊತ್ತಲ್ವಾ? ರಿಗ್ಗರ್ (ಟವರ್ ಹತ್ತೋ) ಅಣ್ಣನನ್ನು ಸುಮ್ನೆ ಹತ್ತಿಸೋಕೆ ಮನಸ್ಸಿಲ್ಲ. ಕೆಳಗೆ ನಿಂತೇ ಏನಾದರೂ ನೋಡಬಹುದಾ?

ಎನ್‌ಒಸಿ ಗೂಬೆ · ಶನಿವಾರ ಬೆಳಿಗ್ಗೆ 9:02

ರಾತ್ರಿ ಪಾಳಿ ಮುಗಿಸಿ ಮಲಗೋ ಮೊದಲು ಬರೀತಿದ್ದೇನೆ, ತಪ್ಪಿದ್ದರೆ ತಿದ್ದಿ.

ನಿಮ್ಮ ಮ್ಯಾನೇಜರ್ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. 15, 18 ಗಿಗಾಹರ್ಟ್ಸ್ ಹಾಪ್‌ಗಳಿಗೆ ಜೋರು ಮಳೆ ತಗುಲುತ್ತದೆ. ಈಗಿನ ರೇಡಿಯೊಗಳು ಮಳೆ ಬಂದ ಕೂಡಲೇ ಲಿಂಕ್ ಕಡಿಯೋದಿಲ್ಲ. 256 ಕ್ಯೂಎಎಂನಿಂದ (ಜಾಸ್ತಿ ಡೇಟಾ ಹೊರೋ ಮಾಡ್ಯುಲೇಷನ್) ಕೆಳಗೆ ಇಳಿದು, ಕಡಿಮೆ ಡೇಟಾ ಹೊತ್ತುಕೊಂಡು ಮುಂದುವರಿಯುತ್ತವೆ. ಲಿಂಕ್ ಡೌನ್ ಅಲಾರ್ಮ್ ಬರಲ್ಲ, ಜನ ಮಾತ್ರ ಬೈತಾರೆ. ನಿಮ್ಮ ಎನ್‌ಒಸಿಯಲ್ಲಿ (ನೆಟ್‌ವರ್ಕ್ ಮೇಲೆ ಕಣ್ಣಿಡೋ ಕೇಂದ್ರ) ಆ ಹಾಪಿನ ಮಾಡ್ಯುಲೇಷನ್ ಲಾಗ್ ಕೇಳಿ. ಹದಿನೈದು ನಿಮಿಷಕ್ಕೊಂದು ಸಾಲು ಇರುತ್ತದೆ.

ಆದರೆ ಒಂದು ಪ್ರಶ್ನೆ. ಮೂರೂ ಸೆಕ್ಟರ್ ಅದೇ ಹಾಪಿನ ಮೇಲೆ ತಾನೇ ಕೂತಿರೋದು? ಸಂಜೆ ಗಾಮಾ ಹೇಗಿದೆ?

ಟೆಕ್ ಭಟ್ಟ · ಶನಿವಾರ ಬೆಳಿಗ್ಗೆ 9:40

ಜಿಪಿಎಸ್ ನೋಡಿ ಬ್ರೋ. ಮರದ ಅಡಿಯಲ್ಲಿ ಜಿಪಿಎಸ್ ಆಂಟೆನಾ ಇಟ್ಟಿರ್ತಾರೆ. ಸಿಂಕ್ ಹೋದರೆ ಹೀಗೇ ಆಗೋದು.

ಎನ್‌ಒಸಿ ಗೂಬೆ · ಶನಿವಾರ ಬೆಳಿಗ್ಗೆ 9:46

ಭಟ್ರೇ, ಇದು 1800, ಅಂದರೆ ಎಫ್‌ಡಿಡಿ, ಕಳಿಸೋಕೆ ಕೇಳೋಕೆ ಬೇರೆ ಬೇರೆ ಫ್ರೀಕ್ವೆನ್ಸಿ. ಇದಕ್ಕೆ ಫ್ರೀಕ್ವೆನ್ಸಿ ಸರಿ ಇದ್ದರೆ ಸಾಕು, ±0.05 ಪಿಪಿಎಂ ಒಳಗೆ. ಅದನ್ನು ಬ್ಯಾಕ್‌ಹಾಲ್‌ನಿಂದಲೂ ತಗೋಬಹುದು. ನೀವು ಹೇಳೋದು ಟಿಡಿಡಿ ಸೈಟಿನ ಕಾಯಿಲೆ. 2300ರಲ್ಲೋ 5ಜಿಯ 3300ರಲ್ಲೋ ಒಂದೇ ತರಂಗದಲ್ಲಿ ಸರದಿ ಮೇಲೆ ಕಳಿಸಿ ಕೇಳಬೇಕು. ಅಲ್ಲಿ ಪಕ್ಕಪಕ್ಕದ ಸೆಲ್‌ಗಳ ಗಡಿಯಾರ 3 ಮೈಕ್ರೋಸೆಕೆಂಡಿನೊಳಗೆ ಹೊಂದಿಕೊಳ್ಳಬೇಕು. ಒಂದು ಸೈಟಿನ ಜಿಪಿಎಸ್ ಕೆಟ್ಟರೆ ಸುತ್ತಲಿನ ನಾಲ್ಕು ಸೈಟ್ ಅಳುತ್ತವೆ. ಇಲ್ಲಿ ಅದಲ್ಲ. ನಾನು ಮಲಗ್ತೀನಿ.

ಕಂಬದ ಕೆಳಗಿನವ · ಶನಿವಾರ ರಾತ್ರಿ 9:15

ಗೂಬೆ ಸರ್, ಈಗಷ್ಟೇ ಸೈಟಿಂದ ಬಂದೆ. ರಾತ್ರಿ 8:30ಕ್ಕೆ ಅಳೆದದ್ದು: ಆಲ್ಫಾ 3, ಬೀಟಾ 4, ಗಾಮಾ 24. ಮಾಡ್ಯುಲೇಷನ್ ಲಾಗ್ ಕೇಳಿದೆ. ಈ ವಾರ ಕೆಳಗೆ ಇಳಿದದ್ದು ಎರಡೇ ಸಲ. ಎರಡೂ ಮಧ್ಯಾಹ್ನ. ಸಂಜೆ ಪೂರ್ತಿ ಮೇಲೇ ಇದೆ.

ಸೆಕ್ಟರ್ ಅದಲುಬದಲಾಗಿದೆಯೇನೋ ಅಂತ ಪಿಸಿಐ (ಪ್ರತಿ ಸೆಕ್ಟರಿನ ಗುರುತಿನ ಸಂಖ್ಯೆ) ಕೂಡ ನೋಡಿದೆ. ಆಲ್ಫಾ ಎದುರು ಆಲ್ಫಾ ಪಿಸಿಐ, ಬೀಟಾ ಎದುರು ಬೀಟಾ. ಆರ್‌ಎಸ್‌ಆರ್‌ಪಿ (ಫೋನಿಗೆ ಸಿಗೋ ಸಿಗ್ನಲ್ ಬಲ) ಮೈನಸ್ 82, 85 ಹೀಗೆ. ಎಲ್ಲ ಸರಿಯಾಗೇ ಇದೆ. ಅದೇ ತಲೆನೋವು.

ಡ್ರೈವ್‌ಟೆಸ್ಟ್ ಅಕ್ಕ · ಶನಿವಾರ ರಾತ್ರಿ 10:05

ತಮ್ಮಾ, ನಿನ್ನ ಮೊದಲ ಪೋಸ್ಟಿನಲ್ಲೇ ಉತ್ತರ ಕೂತಿದೆ. 33, 31, 64. ಈ ಮೂರು ಸಂಖ್ಯೆ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಎರಡು ಸೆಕ್ಟರ್ ಸರಿಯಾಗಿ ಅರ್ಧ. ಪಟ್ಟಿಯಲ್ಲಿ 25 ಅಂತ ಇತ್ತು, ಪಾಸ್ ಆಯಿತು, ಯಾರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ.

10 ಮೆಗಾಹರ್ಟ್ಸ್‌ನಲ್ಲಿ 2×2 ಸರಿಯಾಗಿ ನಡೆದರೆ 64 ಕ್ಯೂಎಎಂ ಲೆಕ್ಕದಲ್ಲಿ ಗರಿಷ್ಠ 75ರ ಆಸುಪಾಸು ಬರಬೇಕು. ಅದು ಎರಡು ಕಾಲುವೆಯ ನೀರು. ಒಂದೇ ಕಾಲುವೆ ಹರಿದರೆ 37ರ ಹತ್ತಿರ. ನಿನ್ನ ಗಾಮಾಕ್ಕೆ ಎರಡೂ ಹರೀತಿದೆ. ಆಲ್ಫಾ, ಬೀಟಾಕ್ಕೆ ಒಂದೇ. ಎರಡೂ ಆರ್‌ಆರ್‌ಯು ಒಟ್ಟಿಗೆ ಕೆಟ್ಟಿವೆ ಅನ್ನೋದು ಕಷ್ಟ. ಎರಡರ ನಡುವೆ ಏನೋ ಅದಲುಬದಲಾಗಿದೆ ಅನ್ನೋದು ಸುಲಭ.

ನನ್ನ ಗುಮಾನಿ ಹೀಗೆ. ಪ್ರತಿ ಸೆಕ್ಟರಿಗೆ ಎರಡು ಜಂಪರ್, ಎ ಮತ್ತು ಬಿ. ಆಲ್ಫಾದ ಬಿ ಹೋಗಿ ಬೀಟಾ ಆಂಟೆನಾಕ್ಕೆ ಬಿದ್ದಿದೆ. ಬೀಟಾದ ಬಿ ಬಂದು ಆಲ್ಫಾ ಆಂಟೆನಾಕ್ಕೆ ಬಿದ್ದಿದೆ. ಎ ಎರಡೂ ಸರಿಯಾಗಿವೆ.

ಇದು ಯಾಕೆ ಸಿಕ್ಕಿಬೀಳಲಿಲ್ಲ ಅಂತ ಕೇಳ್ತೀಯಾ? ವಿಎಸ್‌ಡಬ್ಲ್ಯುಆರ್ ನೋಡೋದು ಕಳಿಸಿದ ಪವರ್ ಎಷ್ಟು ವಾಪಸ್ ಬಂತು ಅಂತ ಮಾತ್ರ. ತುದಿಯಲ್ಲಿ ಒಳ್ಳೆ ಆಂಟೆನಾ ಇದ್ದರೆ ಮುಗಿಯಿತು. ಅದು ಯಾರ ಆಂಟೆನಾ, ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಅದಕ್ಕೆ ಗೊತ್ತಿಲ್ಲ. ಇನ್ನು ಪಿಸಿಐ, ಆರ್‌ಎಸ್‌ಆರ್‌ಪಿ. ಫೋನ್ ಅದನ್ನು ಮುಖ್ಯವಾಗಿ ಮೊದಲ ಪೋರ್ಟಿನ ರೆಫರೆನ್ಸ್ ಸಿಗ್ನಲ್‌ನಿಂದ ಅಳೆಯುತ್ತದೆ. ನಿನ್ನ ಮೊದಲ ಪೋರ್ಟ್ ಸರಿಯಾಗೇ ಇದೆ. ಹಾಗಾಗಿ ಕಡ್ಡಿಯೂ ಫುಲ್, ಪಿಸಿಐಯೂ ಸರಿ.

ಸಂಜೆ ಯಾಕೆ ಬೀಳುತ್ತದೆ? ಆಲ್ಫಾ ಆಂಟೆನಾದಿಂದ ಈಗ ಬೀಟಾದ ಡೇಟಾವೂ ಹೊರಗೆ ಬೀಳ್ತಿದೆ, ಅದೇ ಫ್ರೀಕ್ವೆನ್ಸಿಯಲ್ಲಿ. ಬೆಳಿಗ್ಗೆ 11ಕ್ಕೆ ಊರಲ್ಲಿ ಫೋನ್ ಹಿಡಿದವರು ಯಾರು? ಎಲ್ಲರೂ ತೋಟದಲ್ಲಿ. ಬೀಟಾ ಖಾಲಿ, ಆಲ್ಫಾಕ್ಕೆ ತೊಂದರೆ ಇಲ್ಲ. ರಾತ್ರಿ ಎಂಟಕ್ಕೆ ಬೀಟಾ ತುಂಬಿದರೆ ಆಲ್ಫಾದವರ ಕಿವಿಯಲ್ಲೇ ಕೂಗಿದ ಹಾಗೆ. ಆಲ್ಫಾ ತುಂಬಿದರೆ ಬೀಟಾದವರಿಗೂ ಅದೇ ಗತಿ.

ಹತ್ತದೇ ನೋಡೋಕೆ ಮೂರು ದಾರಿ ಇದೆ.

ಇಂಜಿನಿಯರಿಂಗ್ ಫೋನಿನಲ್ಲಿ ರ‍್ಯಾಂಕ್ ನೋಡು. ಒಟ್ಟಿಗೆ ಎಷ್ಟು ಕಾಲುವೆ ಹರೀತಿದೆ ಅಂತ ಅದು ಹೇಳುತ್ತದೆ. ಗಾಮಾದಲ್ಲಿ 2 ಬರ್ತಿರಬೇಕು, ಆಲ್ಫಾದಲ್ಲಿ ಯಾವಾಗಲೂ 1 ಇರುತ್ತದೆ ಅಂತ ನನ್ನ ಬಾಜಿ.

ಆಮೇಲೆ ಆಲ್ಫಾ ಎದುರು ಮುನ್ನೂರು ಮೀಟರ್ ದೂರ ನಿಂತು ದೊಡ್ಡದೊಂದು ಫೈಲ್ ಅಪ್‌ಲೋಡ್‌ಗೆ ಹಾಕು. ಅದೇ ಹೊತ್ತಿಗೆ ಎನ್‌ಒಸಿಯವರು ಆಲ್ಫಾದ ಎರಡೂ ರಿಸೀವ್ ಬ್ರಾಂಚ್ (ಎ, ಬಿ ಜಂಪರಿನಿಂದ ಬರೋ ಸಿಗ್ನಲ್) ಬೇರೆ ಬೇರೆ ಓದಲಿ. ಮೂರು ನಾಲ್ಕು ಡಿಬಿ ವ್ಯತ್ಯಾಸ ಇದ್ದರೆ ನಾನು ಹೇಳಿದ್ದು ಸುಳ್ಳು. ಹದಿನೈದು ದಾಟಿದರೆ ನಿಜ.

ಕೊನೆಯದು ಅನುಮತಿ ತಗೊಂಡು ಮಾಡೋದು. ಸಂಜೆ ಹತ್ತು ನಿಮಿಷ ಬೀಟಾ ಲಾಕ್ (ತಾತ್ಕಾಲಿಕವಾಗಿ ಬಂದ್) ಮಾಡಿಸು. ಆಲ್ಫಾ ಕೂಡಲೇ 30ರ ಹತ್ತಿರ ಹಾರಬೇಕು. 60ಕ್ಕೆ ಮಾತ್ರ ಹೋಗಬಾರದು. ಗಲಾಟೆ ನಿಲ್ಲುತ್ತದೆ, ಆದರೆ ಎರಡನೇ ಕಾಲುವೆ ಇನ್ನೂ ಪಕ್ಕದ ಗದ್ದೆಗೇ ಹರೀತಿರುತ್ತದೆ.

ಹಗ್ಗ ಹಿಡಿದವ · ಭಾನುವಾರ ಬೆಳಿಗ್ಗೆ 6:50

ಅಕ್ಕಾರ ಹೇಳಿದ್ದು ಖರೇ ಅದ. ನಾನು ಹುಬ್ಬಳ್ಳಿ ಕಡೆ ಹನ್ನೆರಡು ವರ್ಷದಿಂದ ಟವರ್ ಹತ್ತುತ್ತೇನೆ. ಆರ್‌ಆರ್‌ಯು ಆಂಟೆನಾದ ಬೆನ್ನಿಗೇ ಇದ್ದರೆ ಈ ತಪ್ಪು ಆಗೋದು ಅಪರೂಪ. ಎರಡು ಮೀಟರ್ ಜಂಪರ್ ಇನ್ನೆಲ್ಲಿಗೆ ಹೋದೀತು? ಮೂರೂ ಒಂದೇ ಕಡೆ ಕೂತು ಆರು ಕರಿ ಕೇಬಲ್ ಮೇಲೆ ಹೋದರೆ ಮುಗೀತು. ಮೇಲೆ ನಿಂತವನಿಗೆ ಆರೂ ಒಂದೇ ಥರ ಕಾಣ್ತಾವು. ನಮಗೆ ಇರೋ ಗುರುತು ಬಣ್ಣದ ಟೇಪ್ ಒಂದೇ. ಕೆಳಗೆ ಯಾರು ಸುತ್ತಿದ್ದು, ಹೆಂಗ ಸುತ್ತಿದ್ದು ಅಂತ ಮೊದಲು ವಿಚಾರ ಮಾಡ್ರಿ. ಹತ್ತಿದವನ ಮೇಲೆ ಹಾಕಬ್ಯಾಡ್ರಿ.

ಇನ್ನೊಂದು. ಬಿಚ್ಚಿದ ಮೇಲೆ ವಾಟರ್‌ಪ್ರೂಫಿಂಗ್ ಹೊಸದಾಗೇ ಮಾಡಿಸ್ರಿ. ಹಳೆಯದನ್ನ ಜಗ್ಗಿ ಮುಚ್ಚಿದರೆ ಮುಂದಿನ ಆಷಾಢಕ್ಕೆ ನೀರು ಒಳಗ. ಟೇಪ್ ಕೆಳಗಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದಂಗ. ಮೇಲಿನ ಸುತ್ತು ಕೆಳಗಿನ ಸುತ್ತಿನ ಮೇಲೆ ಬರಬೇಕು, ಆಗ ನೀರು ಜಾರಿ ಹೋಗ್ತದ. ಉಲ್ಟಾ ಸುತ್ತಿದರೆ ಪ್ರತಿ ಸುತ್ತೂ ಒಂದು ಬಟ್ಟಲು. ದೊಡ್ಡ 7/16 ಕನೆಕ್ಟರ್ ಇದ್ದರೆ ಟಾರ್ಕ್ ಸ್ಪ್ಯಾನರ್ ತಗೊಂಡೇ ಹೋಗಲಿ. ಕೈ ಅಂದಾಜು ಬ್ಯಾಡ.

ಮತ್ತ ನಿಮ್ಮ ಕಡೆ ಹೆಜ್ಜೇನು ನೋಡಿಕೊಳ್ರಿ. ದುರ್ಬೀನು ಹಾಕಿ ನೋಡದೇ ಯಾರನ್ನೂ ಹತ್ತಿಸಬ್ಯಾಡ್ರಿ. ಮಿಂಚು ಇದ್ದರೆ ಮ್ಯಾನೇಜರ್ ಅಲ್ಲ, ಅವರಪ್ಪ ಹೇಳಿದರೂ ಇಲ್ಲ ಅನ್ರಿ.

ಅಡಿಕೆ ತೋಟ · ಭಾನುವಾರ ಬೆಳಿಗ್ಗೆ 10:20

ನಾನು ಈ ಕೆಲಸದವನಲ್ಲ, ಓದ್ತಾ ಕೂತವನು. ನಮ್ಮೂರಲ್ಲೂ ಟವರ್ ಬರ್ತಿದೆ. ಕೆಲವರು ವಿಕಿರಣ ಅಂತ ಬೇಡ ಅಂತಿದ್ದಾರೆ, ಕೆಲವರು ಮಕ್ಕಳ ಆನ್‌ಲೈನ್ ಪಾಠಕ್ಕೆ ಬೇಕೇ ಬೇಕು ಅಂತ ಜಗಳ. ಇಲ್ಲಿ ತಿಳಿದವರಿದ್ದೀರಿ, ಒಂದು ಮಾತು ಹೇಳಿ.

ಎನ್‌ಒಸಿ ಗೂಬೆ · ಭಾನುವಾರ ಮಧ್ಯಾಹ್ನ 2:30

ಚರ್ಚೆ ಬೇರೆ ಕಡೆ ಹೋಗುತ್ತೆ, ಚಿಕ್ಕದಾಗಿ ಹೇಳ್ತೀನಿ. 2012ರ ಸೆಪ್ಟೆಂಬರ್ 1ರಿಂದ ನಮ್ಮ ದೇಶದ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. 1800 ಮೆಗಾಹರ್ಟ್ಸ್‌ಗೆ ಚದರ ಮೀಟರಿಗೆ 9 ವಾಟ್ ಇದ್ದದ್ದು 0.9 ಆಯಿತು. ಕಂಪನಿ ಪ್ರತಿ ಸೈಟಿಗೂ ಈ ಬಗ್ಗೆ ಸ್ವಯಂ ಪ್ರಮಾಣಪತ್ರ ಕೊಡಬೇಕು. ದೂರಸಂಪರ್ಕ ಇಲಾಖೆಯವರು ಆಯ್ದ ಸೈಟ್‌ಗಳಲ್ಲಿ ಅಳೆದು ನೋಡ್ತಾರೆ. ತರಂಗ್ ಸಂಚಾರ್ ಅನ್ನೋ ಪೋರ್ಟಲ್‌ನಲ್ಲಿ ನಿಮ್ಮ ಊರಿನ ಟವರ್ ಹುಡುಕಬಹುದು. ಆಂಟೆನಾದ ಮುಖ ನೇರ ಕೆಳಗಿರಲ್ಲ, ಟಾರ್ಚ್ ಬೆಳಕಿನ ಹಾಗೆ ದೂರಕ್ಕೆ ಚಾಚಿರುತ್ತದೆ. ಗೇಟಿನ ಮುಂದೆ ನಿಂತು ಜಗಳ ಆಡೋರಿಗೆ ಇದನ್ನೂ ಹೇಳಿ.

ಹಳೇ ಎಕ್ಸ್‌ಚೇಂಜ್ · ಭಾನುವಾರ ಸಂಜೆ 5:45

ನಾನು ನಿವೃತ್ತನಾಗಿ ಬಹಳ ವರ್ಷವಾಯಿತು. ನಿಮ್ಮ ಪಿಸಿಐ, ರ‍್ಯಾಂಕ್ ಎಲ್ಲ ನನಗೆ ಅರ್ಥವಾಗಲ್ಲ. ಆದರೆ ಈ ಕಾಯಿಲೆ ನನಗೆ ಹಳೇ ಪರಿಚಯ.

ಹಳೇ ಸ್ಟ್ರೌಜರ್ (ಯಾಂತ್ರಿಕ) ಎಕ್ಸ್‌ಚೇಂಜ್ ತೆಗೆದು ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್‌ಗೆ ಬದಲಾಯಿಸುವ ರಾತ್ರಿಗೆ ನಾವು ಕಟ್‌ಓವರ್ ಅಂತಿದ್ದೆವು. ತಿಂಗಳುಗಟ್ಟಲೆ ಮೊದಲೇ ಪ್ರತಿಯೊಬ್ಬ ಚಂದಾದಾರನ ಜೋಡಿ ತಂತಿಯನ್ನು ಎಂಡಿಎಫ್‌ನಲ್ಲಿ (ಎಲ್ಲ ಲೈನು ಬಂದು ಸೇರುವ ಚೌಕಟ್ಟು) ಎರಡೂ ಕಡೆ ಕಟ್ಟಿರುತ್ತಿದ್ದೆವು. ಹೊಸ ಎಕ್ಸ್‌ಚೇಂಜ್ ಕಡೆಗೆ ಪುಟ್ಟ ಬೆಣೆಗಳು. ಅವು ಸ್ಪ್ರಿಂಗ್‌ಗಳ ನಡುವೆ ಕೂತು ಸಂಪರ್ಕ ಬಿಡಿಸಿಟ್ಟಿರುತ್ತಿದ್ದವು. ಸಾಲು ಸಾಲು ಬೆಣೆಗೆ ಒಂದೊಂದು ದಾರ. ಮಧ್ಯರಾತ್ರಿ ಸಾಹೇಬರು ಗಡಿಯಾರ ನೋಡಿ ಕೈ ಎತ್ತಿದ ಕೂಡಲೇ ಒಂದು ತಂಡ ಹಳೇ ಕಡೆ ಬಿಡಿಸಬೇಕು, ಇನ್ನೊಂದು ತಂಡ ದಾರ ಎಳೆಯಬೇಕು. ಬೆಣೆಗಳು ಮಳೆ ಬಿದ್ದ ಹಾಗೆ ನೆಲಕ್ಕೆ ಉದುರುತ್ತಿದ್ದವು. ಆ ಸದ್ದು ಈಗಲೂ ಕಿವಿಯಲ್ಲಿದೆ. ಕೆಲವೇ ನಿಮಿಷದಲ್ಲಿ ಊರಿಗೆ ಊರೇ ಹೊಸ ಎಕ್ಸ್‌ಚೇಂಜ್ ಮೇಲೆ.

ಒಂದು ಊರಲ್ಲಿ ಹೀಗೆ ಕಟ್‌ಓವರ್ ಆಗಿ, ಸಿಹಿ ಹಂಚಿ, ಮಲಗಿದ್ದೆವು. ಬೆಳಿಗ್ಗೆ ಡಾಕ್ಟರ ಮನೆಗೆ ಫೋನ್ ಮಾಡಿದವರಿಗೆಲ್ಲ ಅಕ್ಕಿ ಗಿರಣಿಯವರು ಸಿಗುತ್ತಿದ್ದರು. ಗಿರಣಿಗೆ ಮಾಡಿದರೆ ಡಾಕ್ಟರು. ಎರಡು ಜೋಡಿ ಅದಲುಬದಲು. ಇಬ್ಬರ ಫೋನಲ್ಲೂ ಡಯಲ್ ಟೋನ್ ಚೆನ್ನಾಗಿ ಬರುತ್ತಿತ್ತು, ಲೈನ್ ಟೆಸ್ಟ್ ಕೂಡ ಸರಿ. ಆದರೆ ಅದು ಯಾರ ಡಯಲ್ ಟೋನ್? ನಂಬರ್ ಚೆಕ್ ಅಂತ ಒಂದು ಕೆಲಸ ಇತ್ತು. ಒಂದೊಂದೇ ಲೈನಿನಿಂದ ಟೆಸ್ಟ್ ಡೆಸ್ಕಿಗೆ ಕರೆ ಮಾಡಿ ನಂಬರ್ ಕೇಳಿ ಗುರುತು ಹಾಕಬೇಕು. ಬೇಸರದ ಕೆಲಸ. ಕೊನೆಯ ಮೂವತ್ತು ನಲವತ್ತು ಲೈನು ಬಿಟ್ಟಿದ್ದೆವು. ಡಾಕ್ಟರು ಆ ನಲವತ್ತರಲ್ಲಿದ್ದರು.

ಹಾಗೇ ನೆನಪಾಯಿತು. ಸಿ-ಡಾಟ್ (ಸರ್ಕಾರಿ ಟೆಲಿಕಾಂ ಸಂಶೋಧನಾ ಸಂಸ್ಥೆ) ಮಾಡಿದ ಮೊದಲ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದು ನಮ್ಮ ಕಿತ್ತೂರಿನಲ್ಲಿ, 1986ರ ಜುಲೈಯಲ್ಲಿ. ಅದಕ್ಕೆ ಏಸಿ ಬೇಕಿರಲಿಲ್ಲ. ಈಗಿನವರಿಗೆ ಇದೇನು ದೊಡ್ಡದು ಅನ್ನಿಸಬಹುದು. ಆಗ ದೊಡ್ಡ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಅಂದರೆ ಚಳಿ ಹಿಡಿಸುವಂಥ ಏಸಿ ಕೋಣೆ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಫ್ಯಾನ್ ಗಾಳಿಯಲ್ಲಿ ನಡೆಯುವ ಎಕ್ಸ್‌ಚೇಂಜ್ ಬಂದದ್ದಕ್ಕೇ ಹಳ್ಳಿಗಳಿಗೆ ಎಸ್‌ಟಿಡಿ ಬೂತ್ ಮುಟ್ಟಿತು.

ಮಸ್ಕತ್ ಮಂಗಳೂರಿಗ · ಭಾನುವಾರ ರಾತ್ರಿ 11:10

ಸರ್ ಪೋಸ್ಟ್ ಓದಿ ಖುಷಿಯಾಯಿತು ಮಾರಾಯ್ರೆ.

ಕಂಬದ ಕೆಳಗಿನವರಿಗೆ ಒಂದು ಬೇರೆ ಮಾತು. ಹೇಗೂ ಸೈಟಿಗೆ ಹೋಗ್ತೀರಿ, ಕರೆಂಟ್ ತೆಗೆದು ಬ್ಯಾಟರಿ ಮೇಲೆ ಒಂದು ಗಂಟೆ ಓಡಿಸಿ ನೋಡಿ. ನಾನು ಇಲ್ಲಿ ಪವರ್ ಕಮಿಷನಿಂಗ್ ಮಾಡೋದು. ಕರೆಂಟ್ ಇದ್ದಾಗ ಎಲ್ಲ ಸೈಟೂ ಚೆಂದವೇ. ಆಗ 24 ಸೆಲ್ಲಿನ ಬ್ಯಾಂಕ್ ಫ್ಲೋಟ್‌ನಲ್ಲಿ (ಚಾರ್ಜ್ ತುಂಬಿ ಹಾಗೇ ಹಿಡಿದಿಟ್ಟಾಗ) 54 ವೋಲ್ಟ್ ಇರ್ತದೆ. ಕರೆಂಟ್ ಹೋಗಿ ಬ್ಯಾಟರಿ 44ಕ್ಕೆ ಇಳಿದಾಗ ನಿಜ ಬಣ್ಣ ಬಯಲು.

ಲೆಕ್ಕ ಹಾಕಿ. ಟವರ್ ತುದಿಯಲ್ಲಿರುವ 400 ವಾಟಿನ ಆರ್‌ಆರ್‌ಯುಗೆ 44 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಮೇಲೆ ಬೇಕು. 6 ಚದರ ಮಿಲಿಮೀಟರ್ ತಾಮ್ರ, 40 ಮೀಟರ್ ಮೇಲಕ್ಕೆ, 40 ಮೀಟರ್ ವಾಪಸ್. ದಾರಿಯಲ್ಲೇ ಎರಡು ವೋಲ್ಟಿಗಿಂತ ಜಾಸ್ತಿ ಹೋಯಿತು. ಉಪಕರಣದ ಕೆಳಮಿತಿ ಸಾಮಾನ್ಯವಾಗಿ 40.5. ಅಂಚಿನಲ್ಲಿ ನಿಂತ ಹಾಗೆ. ಅದರ ಮೇಲೆ ಒಂದು ಲಗ್ (ಕೇಬಲ್ ತುದಿಯ ಕೊಂಡಿ) ಸರಿಯಾಗಿ ಕ್ರಿಂಪ್ ಆಗಿ ಬಿಗಿಯಾಗದಿದ್ದರೆ ಬ್ಯಾಟರಿಯಲ್ಲಿ ಜೀವ ಇರುವಾಗಲೇ ಸೆಕ್ಟರ್ ಸಾಯ್ತದೆ. ಸ್ಟೇಬಲ್ ಕರೆಂಟಿನಲ್ಲಿ ಟೆಸ್ಟ್ ಮಾಡಿದವರಿಗೆ ಇದು ಎಂದೂ ಕಾಣುವುದಿಲ್ಲ.

ಕಂಬದ ಕೆಳಗಿನವ · ಮಂಗಳವಾರ ರಾತ್ರಿ 10:40

ಅಕ್ಕಾ, ನಿಮ್ಮ ಬಾಜಿ ಗೆದ್ದಿತು.

ಆಲ್ಫಾ, ಬೀಟಾ ಎರಡರಲ್ಲೂ ರ‍್ಯಾಂಕ್ 1 ಬಿಟ್ಟು ಅಲ್ಲಾಡಲಿಲ್ಲ. ಗಾಮಾದಲ್ಲಿ ಹೆಚ್ಚುಪಾಲು 2. ಆಲ್ಫಾ ಎದುರು ಒಬ್ಬರ ಕೊಟ್ಟಿಗೆ ಜಗುಲಿಯಲ್ಲಿ ನಿಂತು ಅಪ್‌ಲೋಡ್ ಹಾಕಿದೆ. ಎನ್‌ಒಸಿಯವರು ಓದಿ ಹೇಳಿದ್ದು: ಎರಡು ಬ್ರಾಂಚ್ ನಡುವೆ 19 ಡಿಬಿ. ಆಮೇಲೆ ರಾತ್ರಿ 8:40ಕ್ಕೆ ಅನುಮತಿ ತಗೊಂಡು ಬೀಟಾ ಲಾಕ್. ಆಲ್ಫಾ 4ರಿಂದ 29ಕ್ಕೆ ಹೋಯಿತು. 60ಕ್ಕೆ ಹೋಗಲಿಲ್ಲ. ಕೊಟ್ಟಿಗೆ ಮನೆಯವರು "ಈಗ ಬಂತು ನೋಡಿ, ಹೀಗೇ ಬಿಡಿ" ಅಂದರು. ಹತ್ತು ನಿಮಿಷಕ್ಕೆ ಮತ್ತೆ ಹೋದಾಗ ನನ್ನ ಮುಖ ನೋಡಿದ ರೀತಿ ಹೇಳೋಕೆ ಆಗಲ್ಲ.

ಮ್ಯಾನೇಜರ್‌ಗೆ ಮೂರೂ ಅಳತೆ ಕಳಿಸಿದೆ. ಮೈಕ್ರೋವೇವ್ ಮಾತು ಬಿಟ್ಟಿದ್ದಾರೆ. ಮಳೆ ಬಿಟ್ಟ ದಿನ ಹತ್ತಿಸಲಿಕ್ಕೆ ಒಪ್ಪಿದ್ದಾರೆ.

ಕಂಬದ ಕೆಳಗಿನವ · ಶುಕ್ರವಾರ ಸಂಜೆ 7:30

ಇವತ್ತು ಬೆಳಿಗ್ಗೆ ಎರಡು ಗಂಟೆ ಮಳೆ ಬಿಡುವು ಕೊಟ್ಟಿತು. ಹೆಜ್ಜೇನು ಇರಲಿಲ್ಲ, ದುರ್ಬೀನು ಹಾಕಿಯೇ ನೋಡಿದೆ. ಎರಡೂ ಸೆಕ್ಟರ್ ಬಂದ್ ಮಾಡಿಸಿ ಹತ್ತಿಸಿದೆವು. ಅಣ್ಣ ಮೇಲಿಂದ ಫೋಟೊ ಕಳಿಸಿದರು. ಅಕ್ಕ ಹೇಳಿದ ಹಾಗೇ, ಬಿ ಎರಡೂ ಅದಲುಬದಲು.

ಈಗ ನಾಚಿಕೆಯ ಭಾಗ. ನಮ್ಮಲ್ಲಿ ಆಲ್ಫಾಕ್ಕೆ ಕೆಂಪು ಟೇಪ್, ಬೀಟಾಕ್ಕೆ ಹಳದಿ, ಗಾಮಾಕ್ಕೆ ನೀಲಿ. ಆ ದಿನ ಬೀಟಾದ ಮೊದಲ ಜಂಪರ್ ಸುತ್ತುವಾಗಲೇ ಹಳದಿ ರೋಲ್ ಮುಗಿದಿತ್ತು. ಪೇಟೆ ದೂರ. "ಸದ್ಯಕ್ಕೆ ಎರಡನೆಯದಕ್ಕೆ ಕೆಂಪೇ ಸುತ್ತಿ, ಗುರುತಿಗೆ ಎರಡು ಸುತ್ತು ಜಾಸ್ತಿ ಹಾಕಿ" ಅಂದವನು ನಾನೇ. ಮೇಲೆ ಹೋದವರ ಕೈಗೆ ಮೂರು ಕೆಂಪು ಕೇಬಲ್ ಬಂತು. ಒದ್ದೆ ಕೈಗವಸು ಹಾಕಿಕೊಂಡು ಯಾರು ಸುತ್ತು ಎಣಿಸುತ್ತಾರೆ? ಶನಿವಾರ ನಾನು ಇಲ್ಲಿ ಬರೆಯುವಾಗ ಒಳಗೊಳಗೆ ರಿಗ್ಗರ್ ಮೇಲೇ ಅನುಮಾನ ಇಟ್ಟುಕೊಂಡಿದ್ದೆ. ಹಗ್ಗ ಹಿಡಿದವರು ಬರೆದದ್ದು ಓದಿದ ಮೇಲೆ ಆ ದಿನದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ನಾನೇ ಅಪ್‌ಲೋಡ್ ಮಾಡಿದ ಫೋಟೊದಲ್ಲೇ ಮೂರು ಕೆಂಪು ಇತ್ತು.

ಬದಲಾಯಿಸಿದ ಮೇಲೆ ಆಲ್ಫಾ 61, ಬೀಟಾ 63. ಬ್ರಾಂಚ್ ವ್ಯತ್ಯಾಸ 2 ಡಿಬಿ. ಈಗ ಸಂಜೆ ಏಳಕ್ಕೆ ಅಳೆದೆ, 22 ಮತ್ತು 20.

ಮಸ್ಕತ್ ಅಣ್ಣನ ಬ್ಯಾಟರಿ ಟೆಸ್ಟೂ ಮಾಡಿದೆ. ಆರ್‌ಆರ್‌ಯು ಬೀಳಲಿಲ್ಲ. ಆದರೆ ಎರಡು ರೆಕ್ಟಿಫೈಯರ್‌ನಲ್ಲಿ (ಕರೆಂಟನ್ನು ಡಿಸಿ ಮಾಡೋ ಘಟಕ) ಒಂದು ಮಾತ್ರ ಲೋಡ್ ಹೊತ್ತಿದೆ ಅಂತ ಕರೆಂಟ್ ಮತ್ತೆ ಹಾಕಿದಾಗ ಕಂಡಿತು. ಅದು ನಾಳೆಯ ಕೆಲಸ.

ಡ್ರೈವ್‌ಟೆಸ್ಟ್ ಅಕ್ಕ · ಶುಕ್ರವಾರ ರಾತ್ರಿ 8:05

ಒಳ್ಳೇ ಕೆಲಸ ತಮ್ಮಾ. ಟೇಪ್ ಕಥೆ ಬಚ್ಚಿಡದೆ ಬರೆದೆಯಲ್ಲ, ಅದಕ್ಕೆ ಜಾಸ್ತಿ ಅಂಕ. ರಿಪೋರ್ಟಿನಲ್ಲಿ ರ‍್ಯಾಂಕ್ ಎಷ್ಟು, ಬ್ರಾಂಚ್ ವ್ಯತ್ಯಾಸ ಎಷ್ಟು ಅಂತ ಎರಡು ಸಾಲು ಸೇರಿಸು. ಮುಂದಿನ ಸೈಟಿಗೂ ಬೇಕಾಗುತ್ತದೆ.

ಕಂಬದ ಕೆಳಗಿನವ · ಶುಕ್ರವಾರ ರಾತ್ರಿ 8:20

ಪೋರ್ಟಲ್‌ನಲ್ಲಿ ಅದಕ್ಕೆ ಕಾಲಂ ಇಲ್ಲ ಅಕ್ಕಾ. "ಇತರೆ" ಅಂತ ಒಂದು ಡಬ್ಬಿ ಇದೆ, ಐವತ್ತು ಅಕ್ಷರ ಹಿಡಿಯುತ್ತೆ. ಅದರಲ್ಲೇ ತುರುಕಿದ್ದೇನೆ.

ಹಗ್ಗ ಹಿಡಿದವ · ಶುಕ್ರವಾರ ರಾತ್ರಿ 9:00

ಹಳದಿ ಟೇಪ್ ಎರಡು ರೋಲ್ ಬ್ಯಾಗಿನ್ಯಾಗ ಇಟ್ಕೊಳ್ರಿ. ಮತ್ತ ಆ ಅಣ್ಣಗ ಒಂದು ಚಾ ಕುಡಿಸ್ರಿ, ನಿಮ್ಮ ರೊಕ್ಕದಾಗ.

ಅಡಿಕೆ ತೋಟ · ಶುಕ್ರವಾರ ರಾತ್ರಿ 9:25

ನಮ್ಮೂರಿನ ಟವರ್ ಯಾರು ಕಮಿಷನ್ ಮಾಡ್ತಾರೋ ಗೊತ್ತಿಲ್ಲ. ಅವರು ಇದನ್ನು ಓದ್ತಿದ್ದರೆ, ದಯವಿಟ್ಟು ರಾತ್ರಿ ಎಂಟಕ್ಕೂ ಒಂದು ಸಲ ಬಂದು ಅಳೆದು ಹೋಗಿ. ಊಟಕ್ಕೆ ನಮ್ಮ ಮನೆ ಇದೆ.